ದುಡಿಯುವ ಕಾಲಿಗೆ ತಕ್ಕ ಮೆಟ್ಟು

ನಮ್ಮಲ್ಲಿ ಬಹುಮಂದಿಯ ಅನ್ನವು ಕಾಲಿನ ಮೇಲೆ ನಿಂತಿದೆ. ಬೆಳಗಿನ ಇಡ್ಲಿಯ ಹಬೆ ಏಳುವ ಮೊದಲೇ ಒಲೆಯ ಮುಂದೆ ನಿಂತ ಅಡಿಗೆಯವರು ರಾತ್ರಿ ಪಾತ್ರೆ ತೊಳೆದು ಕವುಚಿಡುವವರೆಗೆ ಕೂತು ಕಾಲು ಚಾಚುವುದು ಅಪರೂಪ. ಸಪ್ಲಾಯರನು ಅಡಿಗೆಮನೆಗೂ ಮೇಜಿಗೂ ನಡುವೆ ದಿನಕ್ಕೆ ನಡೆಯುವ ದಾರಿಯನ್ನು ಒಂದೇ ನೇರಕ್ಕೆ ಹಾಸಿದರೆ ದಾದರಿನಿಂದ ಹೊರಟು ಕುರ್ಲಾ ಮುಟ್ಟೀತು. 1982ರ ಮುಷ್ಕರದ ನಂತರ ಒಂದೊಂದಾಗಿ ಬಾಗಿಲು ಹಾಕಿದ ಗಿರಣಿಗಳಲ್ಲಿ ಪಾಳಿ ಪಾಳಿಯಾಗಿ ಮಗ್ಗದ ಮುಂದೆ ನಿಂತು ದುಡಿದ ನಮ್ಮ ಹಿರಿಯರೂ ಇದೇ ಕಾಲುಗಳ ಮೇಲೆ ಸಂಸಾರದ ಭಾರ ಹೊತ್ತವರೇ. ಹೀಗಿರುವಾಗ ಕಾಲಿಗೆ ಬರುವ ಕೇಡು ಅನ್ನಕ್ಕೆ ಬರುವ ಕೇಡೇ ಸರಿ.

ಆ ಕೇಡನ್ನು ತರುವ ರೋಗವೊಂದು ಇಂದು ನಮ್ಮ ಖೋಲಿ ಖೋಲಿಗೂ ಕಾಲಿಟ್ಟಿದೆ. ಹಿಂದಿನವರು ಸಿಹಿಮೂತ್ರ ರೋಗವೆಂದು ಕರೆಯುತ್ತಿದ್ದುದನ್ನೇ ನಾವು ‘ಶುಗರ್’ ಎನ್ನುತ್ತೇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿತು. 20 ವರ್ಷ ಮೀರಿದವರಲ್ಲಿ ನೂರಕ್ಕೆ ಹನ್ನೊಂದು ಮಂದಿಗಿಂತ ಹೆಚ್ಚಾಯಿತು. ಇಷ್ಟಾದರೂ ನಮ್ಮವರು ಈ ರೋಗವೆಂದರೆ ಸಕ್ಕರೆ ಹಾಕದ ಚಹಾ, ಬೆಳಗ್ಗೆ ಒಂದು ಮಾತ್ರೆ, ಅಷ್ಟೇ ಎಂದು ತಿಳಿದಂತಿದೆ. ರಕ್ತ ಪರೀಕ್ಷೆ ಮಾಡಿಸಿಕೊಂಡವರೂ ತಮ್ಮ ಅಂಗಾಲನ್ನು ಬಾಗಿ ನೋಡಿಕೊಳ್ಳುವುದಿಲ್ಲ. ಕಾಲಿಗೆ ಏನು ಮೆಟ್ಟಬೇಕೆಂದು ವೈದ್ಯರನ್ನು ಕೇಳುವವರಂತೂ ವಿರಳ. ಆದುದರಿಂದ ಈ ಸಲ ನಮ್ಮ ಕಾರ್ಮಿಕ ಬಂಧುಗಳೊಡನೆ ಚಪ್ಪಲಿಯ ವಿಷಯವನ್ನೇ ಮಾತಾಡಬೇಕೆಂದು ನಾವು ನಿಶ್ಚಯಿಸಿದ್ದೇವೆ. ವಿಷಯ ಅಲ್ಪವೆಂದು ಯಾರೂ ಪುಟ ಮಗುಚಬಾರದು.

ರಕ್ತದಲ್ಲಿ ಸಕ್ಕರೆಯು ವರ್ಷಗಟ್ಟಲೆ ಏರಿಯೇ ಇದ್ದರೆ ನರಗಳು ಸೊರಗುತ್ತವೆ. ಈ ಸೊರಗುವಿಕೆ ಸಾಮಾನ್ಯವಾಗಿ ಕಾಲ್ಬೆರಳುಗಳ ತುದಿಯಿಂದ ಮೊದಲಾಗಿ ಮೇಲಕ್ಕೆ ಹತ್ತುತ್ತದೆ. ಕೆಲವರಿಗೆ ಮೊದಲು ಜುಮುಜುಮು ಎನ್ನಿಸುತ್ತದೆ, ಉರಿಯೆದ್ದಂತಾಗುತ್ತದೆ. ಇನ್ನು ಕೆಲವರಿಗೆ ಏನೂ ಅನ್ನಿಸದೆಯೇ ಸ್ಪರ್ಶಜ್ಞಾನ ಹೊರಟುಹೋಗುತ್ತದೆ. ಕಾಲು ಬೆವರುವುದು ಕಡಿಮೆಯಾಗಿ ಚರ್ಮ ಒಣಗಿ ಹಿಮ್ಮಡಿ ಸೀಳುತ್ತದೆ. ಪಾದದ ಸಣ್ಣ ಸ್ನಾಯುಗಳು ಬಲಗುಂದಿ ಬೆರಳುಗಳು ಉಗುರಿನಂತೆ ಒಳಕ್ಕೆ ಬಾಗುತ್ತವೆ. ಆಗ ಮೈಯ ಭಾರವೆಲ್ಲ ಬೆರಳುಗಳ ಬುಡದ ಮೂಳೆಗಳ ಮೇಲೆ ಬೀಳುತ್ತದೆ. ರಕ್ತನಾಳಗಳೂ ಕಿರಿದಾಗಿ ಗಾಯಕ್ಕೆ ಬೇಕಾದ ರಕ್ತ ತಲುಪದೆ ಹೋಗಬಹುದು. ಬೀಡಿ ಸಿಗರೇಟುಗಳ ಚಟವಿದ್ದವರಿಗೆ ಈ ಕಷ್ಟ ಇಮ್ಮಡಿ. ಇಂಥ ಕಾಲಿಗೆ ಒಂದು ಮೊಳೆ ಚುಚ್ಚಿದರೂ, ಚಪ್ಪಲಿಯ ವಾರು ಉಜ್ಜಿದರೂ ಆ ಮನುಷ್ಯನಿಗೆ ತಿಳಿಯದು. ನೋವಿಲ್ಲವಾದ್ದರಿಂದ ಅವನು ನಡೆಯುತ್ತಲೇ ಇರುತ್ತಾನೆ. ಗುಳ್ಳೆ ಒಡೆದು ಹುಣ್ಣಾಗುತ್ತದೆ, ಹುಣ್ಣು ಕೀವಾಗುತ್ತದೆ, ಕೀವು ಮೂಳೆಗೆ ಇಳಿಯುತ್ತದೆ. ಕೊನೆಗೆ ದುರ್ವಾಸನೆ ಬಂದಾಗ ಆಸ್ಪತ್ರೆಗೆ ಓಡಿದರೆ ವೈದ್ಯರು ಬೆರಳನ್ನೋ ಪಾದವನ್ನೋ ತೆಗೆಯಬೇಕೆನ್ನುತ್ತಾರೆ. “ಏನೂ ನೋವಿರಲಿಲ್ಲ” ಎಂದು ನಮ್ಮವರು ಆಗ ಹೇಳುವುದುಂಟು. ನೋವಿಲ್ಲದಿದ್ದುದೇ ರೋಗದ ಮುಖ್ಯ ಲಕ್ಷಣವಾಗಿತ್ತೆಂದು ಅವರಿಗೆ ಮೊದಲೇ ಯಾರೂ ಹೇಳಿರಲಿಲ್ಲ.

ಈ ಸತ್ಯವನ್ನು ವೈದ್ಯಲೋಕಕ್ಕೆ ಸ್ಪಷ್ಟವಾಗಿ ತೋರಿಸಿಕೊಟ್ಟ ಕೆಲಸ ನಡೆದುದು ನಮ್ಮ ನೆರೆಯ ವೆಲ್ಲೂರಿನಲ್ಲಿ. ಶಸ್ತ್ರವೈದ್ಯ ಡಾ. ಪಾಲ್ ಬ್ರ್ಯಾಂಡರು 1946ರಲ್ಲಿ ಅಲ್ಲಿಯ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳನ್ನು ಪರೀಕ್ಷಿಸತೊಡಗಿದರು. ಆ ರೋಗದಿಂದ ಮಾಂಸ ತಾನಾಗಿ ಕೊಳೆತು ಬೆರಳುಗಳು ಉದುರುತ್ತವೆ ಎಂದು ಆಗ ಜನ ನಂಬಿದ್ದರು. ಹಾಗಲ್ಲ, ಸ್ಪರ್ಶವಿಲ್ಲದ ಕಾಲು ತನಗಾಗುವ ಪೆಟ್ಟನ್ನು ಅರಿಯದೆ ಮತ್ತೆ ಮತ್ತೆ ಅದನ್ನೇ ತಿನ್ನುವುದರಿಂದ ಹಾಳಾಗುತ್ತದೆ ಎಂದು ಬ್ರ್ಯಾಂಡರು ಕಂಡುಕೊಂಡರು. ರಾತ್ರಿ ಮಲಗಿದ್ದಾಗ ಇಲಿಗಳು ಬೆರಳನ್ನು ಕಡಿದುಕೊಂಡು ಹೋದರೂ ರೋಗಿಗಳಿಗೆ ಎಚ್ಚರವಾಗುತ್ತಿರಲಿಲ್ಲ; ಅದಕ್ಕಾಗಿ ಅವರಿಗೆ ಬೆಕ್ಕುಗಳನ್ನು ಸಾಕಲು ಕೊಟ್ಟರಂತೆ. ಹುಣ್ಣಿಗೆ ಮದ್ದು ಹಚ್ಚುವುದಕ್ಕಿಂತ ಹುಣ್ಣಾಗದಂತೆ ಮೆಟ್ಟು ಮಾಡುವುದೇ ಮೇಲೆಂದು ಅವರೂ ಅವರ ಸಂಗಡಿಗರೂ ಅನೇಕ ಬಗೆಯ ಚಪ್ಪಲಿಗಳನ್ನು ಮಾಡಿ ನೋಡಿದರು. ಹಾಗೆ ರೂಢಿಗೆ ಬಂದುದೇ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ. ಮುಂದೆ 1966ರಲ್ಲಿ ಅಮೆರಿಕದ ಲೂಸಿಯಾನಾ ಪ್ರಾಂತಕ್ಕೆ ಹೋದ ಬ್ರ್ಯಾಂಡರು ಇದೇ ಪಾಠವನ್ನು ಮಧುಮೇಹಿಗಳ ಕಾಲಿಗೂ ಅನ್ವಯಿಸಿದರು. ಬಡ ರೋಗಿಗಳಿಗಾಗಿ ನಮ್ಮ ನಾಡಿನ ಒಂದು ಊರಿನಲ್ಲಿ ಹುಟ್ಟಿದ ವಿದ್ಯೆ ಇಂದು ಜಗತ್ತಿನ ಮಧುಮೇಹಿಗಳನ್ನು ಕಾಯುತ್ತಿದೆ.

ಆ ವಿದ್ಯೆಯ ಸಾರ ಬಹಳ ಸರಳ. ಒಂದು ದೊಡ್ಡ ಪೆಟ್ಟಿನಿಂದ ಕಾಲು ಕೆಡುವುದಕ್ಕಿಂತ, ಒಂದೇ ಜಾಗದ ಮೇಲೆ ಸಾವಿರಾರು ಹೆಜ್ಜೆಗಳ ಸಣ್ಣ ಒತ್ತಡ ಬಿದ್ದು ಕೆಡುವುದೇ ಹೆಚ್ಚು. ಆರೋಗ್ಯವಂತನು ಅಂಥ ಜಾಗ ನೋಯತೊಡಗಿದೊಡನೆ ತನಗರಿಯದೆಯೇ ಹೆಜ್ಜೆ ಬದಲಿಸುತ್ತಾನೆ, ತುಸು ಕುಂಟುತ್ತಾನೆ, ಕೂತುಬಿಡುತ್ತಾನೆ. ನೋವೆಂಬ ಕಾವಲುಗಾರ ಹೊರಟುಹೋದ ಕಾಲಿಗೆ ಆ ಕಾವಲನ್ನು ಮೆಟ್ಟೇ ಮಾಡಬೇಕು. ಪಾದರಕ್ಷೆ ಎಂಬ ಹೆಸರಿನಲ್ಲಿಯೇ ರಕ್ಷೆ ಇದೆ. ಮಧುಮೇಹಿಗೆ ಅದು ಉಡುಪಿನ ಶೋಭೆಯಲ್ಲ, ಔಷಧದ ಒಂದು ಅಂಗ. ನಾವು ಹೇಳಬೇಕೆಂದಿರುವ ಮಾತು ಇದೊಂದೇ.

ಆದರೆ ನಮ್ಮ ಹೋಟೆಲುಗಳ ಸ್ಥಿತಿ ಹೇಗಿದೆ? ಅಡಿಗೆಮನೆಯಲ್ಲಿ ಬರಿಗಾಲಿನಲ್ಲಿರುವುದು ಹಿಂದಿನಿಂದ ಬಂದ ಪದ್ಧತಿ. ಅನ್ನದ ಸ್ಥಾನಕ್ಕೆ ಮೆಟ್ಟು ಹಾಕಿ ಹೋಗಬಾರದೆಂಬ ಭಾವನೆಯನ್ನು ನಾವು ಹಳಿಯುವುದಿಲ್ಲ. ಆದರೆ ಆ ನೆಲದ ಮೇಲೆ ದಿನವಿಡೀ ನೀರು; ಒಡೆದ ಗಾಜಿನ ಚೂರು, ತೆಂಗಿನ ಕರಟದ ಸಿಬಿರು; ಮೇಲಿನಿಂದ ಸಿಡಿಯುವ ಎಣ್ಣೆ, ಚೆಲ್ಲುವ ಕುದಿಸಾರು. ತೇವ ಆರದ ಬೆರಳುಗಳ ಸಂದಿನಲ್ಲಿ ಕೆಸರುಹುಣ್ಣಾಗುತ್ತದೆ, ಅದೇ ಕೀವಿಗೆ ಬಾಗಿಲು ತೆರೆಯುತ್ತದೆ. ಸ್ಪರ್ಶ ತಿಳಿಯದ ಕಾಲಿಗೆ ಇದಕ್ಕಿಂತ ಅಪಾಯದ ಜಾಗ ಬೇರೆ ಬೇಕಿಲ್ಲ. ಹಾಗಾದರೆ ಪದ್ಧತಿಯನ್ನೂ ಕಾಲನ್ನೂ ಎರಡನ್ನೂ ಉಳಿಸಿಕೊಳ್ಳುವ ದಾರಿ ಉಂಟೆ? ಉಂಟು. ಹೊರಗೆ ಹಾಕುವ ಮೆಟ್ಟು ಬೇರೆ, ಒಳಗೆ ಹಾಕುವ ಮೆಟ್ಟು ಬೇರೆ ಎಂದಿಟ್ಟುಕೊಂಡರಾಯಿತು. ಒಳಗಿನ ಜೋಡು ಹೊಸಿಲು ದಾಟಿ ಬೀದಿಗೆ ಹೋಗದಿರಲಿ, ದಿನವೂ ತೊಳೆದು ಒಣಗಿಸಲಿ. ಮನೆಯಲ್ಲಿಯೂ ಇದೇ ನಿಯಮ ಇರತಕ್ಕದ್ದು. ಸ್ಪರ್ಶ ಕಳೆದುಕೊಂಡವರು ಮನೆಯೊಳಗೂ ಹೊರಗೂ ಬರಿಗಾಲಿನಲ್ಲಿಯಾಗಲಿ, ಬರಿಯ ಕಾಲುಚೀಲದಲ್ಲಿಯಾಗಲಿ, ತೆಳು ಅಟ್ಟೆಯ ಚಪ್ಪಲಿಯಲ್ಲಿಯಾಗಲಿ ನಡೆಯಬಾರದೆಂದು ಜಗತ್ತಿನ ಪಾದತಜ್ಞರು ಒಮ್ಮತದಿಂದ ಹೇಳುತ್ತಾರೆ.

ತೆಳು ಅಟ್ಟೆಯ ಚಪ್ಪಲಿಯೆಂದರೆ ನಮ್ಮವರ ಪಾಲಿಗೆ ಹವಾಯಿ ಚಪ್ಪಲಿಯೇ. ಅಗ್ಗ, ಹಗುರ, ನೀರಿಗೆ ಕೆಡದು ಎಂದು ಅದನ್ನು ಮೆಚ್ಚುತ್ತೇವೆ. ಆದರೆ ಮೊಳೆ ಅದರೊಳಗಿಂದ ಸಲೀಸಾಗಿ ಏರುತ್ತದೆ. ಬೆರಳ ಸಂದಿನ ದಿಂಡು ಚರ್ಮವನ್ನು ಉಜ್ಜುತ್ತದೆ. ಹಿಂದೆ ಪಟ್ಟಿಯಿಲ್ಲದ್ದರಿಂದ ಕಾಲು ಅದನ್ನು ಬೆರಳಿನಿಂದ ಹಿಡಿದುಕೊಂಡೇ ನಡೆಯಬೇಕು. ಸ್ಪರ್ಶ ಕಳೆದುಕೊಂಡ ಕಾಲಿನಿಂದ ಅದು ಜಾರಿಹೋದರೂ ತಿಳಿಯದೆ ಹತ್ತು ಹೆಜ್ಜೆ ಮುಂದೆ ಹೋದವರಿದ್ದಾರೆ. ಕೊಲ್ಹಾಪುರಿ ಚಪ್ಪಲಿಯ ಮೇಲೆ ನಮಗೆ ಅಭಿಮಾನವಿದೆ. 2019ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ. ಅಥಣಿಯ ಕುಶಲಿಗಳ ಕೈಚಳಕ ಅದರಲ್ಲಿದೆ. ಆದರೂ ಅದರ ಗಟ್ಟಿ ಅಟ್ಟೆ, ಹೆಬ್ಬೆರಳಿನ ಉಂಗುರ, ಪಟ್ಟಿಯಿಲ್ಲದ ಹಿಂಭಾಗ ಇವು ಸ್ಪರ್ಶ ತಿಳಿಯದ ಕಾಲಿಗೆ ತಕ್ಕವಲ್ಲ. ಚಂದದ ಮೆಟ್ಟು ಆರೋಗ್ಯದ ಕಾಲಿಗಿರಲಿ. ಚೂಪು ಮೂತಿಯ ಬೂಟು, ಎತ್ತರದ ಹಿಮ್ಮಡಿಯ ಸ್ತ್ರೀಯರ ಚಪ್ಪಲಿಗಳಿಗೂ ಇದೇ ಮಾತು.

ಹಾಗಾದರೆ ತಕ್ಕ ಮೆಟ್ಟು ಯಾವುದು? ಕಾಲು ತಾಗುವ ಒಳಹಾಸು ಎಂ.ಸಿ.ಆರ್. ಅಥವಾ ಅದರಂಥ ಮೆತ್ತನೆಯ ವಸ್ತುವಿನದಾಗಿರಬೇಕು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳಿರುತ್ತವೆ; ಹೆಜ್ಜೆಯಿಟ್ಟಾಗ ಅಮುಕಿ, ಎತ್ತಿದಾಗ ಮರಳಿ ಉಬ್ಬುತ್ತದೆ; ಹೀಗಾಗಿ ಭಾರವು ಒಂದೆರಡು ಮೂಳೆಗಳ ಮೇಲೆ ನಿಲ್ಲದೆ ಅಂಗಾಲಿಗೆಲ್ಲ ಹಂಚಿಹೋಗುತ್ತದೆ. ಹೊರಗಿನ ಅಟ್ಟೆ ಮಾತ್ರ ಗಟ್ಟಿಯಾಗಿರಬೇಕು, ಮುಳ್ಳು ಗಾಜು ತೂರಬಾರದು, ಒದ್ದೆ ನೆಲದಲ್ಲಿ ಜಾರಬಾರದು. ಹಿಮ್ಮಡಿಗೆ ಹಿಂಪಟ್ಟಿ ಇರಲೇಬೇಕು. ಮುಂಭಾಗ ಅಗಲವಾಗಿ, ಬೆರಳುಗಳ ಮೇಲೆ ಸಾಕಷ್ಟು ಎತ್ತರವಾಗಿರಬೇಕು. ಸಂಜೆಯ ಹೊತ್ತಿಗೆ ಕಾಲು ಬಾಯುವುದರಿಂದ ಪಟ್ಟಿಗಳನ್ನು ಸಡಿಲಿಸಿ ಬಿಗಿಸುವಂತಿರಬೇಕು. ಒಳಗಡೆ ಹೊಲಿಗೆಯ ಉಬ್ಬು ಇರಬಾರದು. ಮೊಳೆ ಹೊಡೆದ ಮೆಟ್ಟು ಸರ್ವಥಾ ಬೇಡ, ಅಂಟಿಸಿ ಹೊಲಿದದ್ದಿರಲಿ. ಹಾದಿಬದಿಯ ಮೋಚಿಗೆ ರಿಪೇರಿಗೆ ಕೊಡುವಾಗಲೂ “ಮೊಳೆ ಹೊಡೆಯಬೇಡಪ್ಪ, ಹೊಲಿದು ಕೊಡು” ಎಂದು ಹೇಳಬೇಕು. ಅಡಿಗೆಮನೆಯಲ್ಲಿ ಕುದಿ ನೀರು ಎಣ್ಣೆಗಳ ಅಪಾಯವಿರುವವರಿಗೆ ಮುಂಭಾಗ ಪೂರ್ತಿ ಮುಚ್ಚಿದ, ತೊಳೆಯಬಹುದಾದ, ಜಾರದ ಮೆಟ್ಟೇ ಸರಿ.

ಕೊಳ್ಳುವ ಕ್ರಮವನ್ನೂ ಅರಿಯಬೇಕು. ಬೆಳಗ್ಗೆ ಕೊಂಡ ಮೆಟ್ಟು ಸಂಜೆಗೆ ಬಿಗಿಯಾದೀತು; ಆದ್ದರಿಂದ ಸಂಜೆಯೇ ಅಂಗಡಿಗೆ ಹೋಗಿರಿ. ಎರಡೂ ಕಾಲಿಗೆ ಹಾಕಿ, ನಿಂತೇ ನೋಡಿರಿ. ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಸುಮಾರು 1ರಿಂದ 2 ಸೆಂಟಿಮೀಟರ್ ಜಾಗ ಉಳಿಯಬೇಕು. “ಬಿಗಿಯಾಗಿಲ್ಲ, ಸರಿಯಾಗಿದೆ” ಎಂಬ ನಿಮ್ಮ ಅನಿಸಿಕೆಯನ್ನೇ ನಂಬಬೇಡಿರಿ. ಸ್ಪರ್ಶ ಕಡಿಮೆಯಾದವರಿಗೆ ಬಿಗಿ ಮೆಟ್ಟೇ ಹಿತವೆನ್ನಿಸುತ್ತದೆ. ಅದಕ್ಕೊಂದು ಸುಲಭ ಉಪಾಯವಿದೆ. ಮನೆಯಲ್ಲಿ ಕಾಗದದ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆಸಿ, ಆ ಆಕಾರವನ್ನು ಕತ್ತರಿಸಿ ಅಂಗಡಿಗೆ ಒಯ್ಯಿರಿ. ಮೆಟ್ಟಿನೊಳಗೆ ಅದನ್ನಿಟ್ಟಾಗ ಅಂಚು ಮಡಿಸಿಕೊಂಡರೆ ಆ ಮೆಟ್ಟು ನಿಮ್ಮದಲ್ಲ. ಹೊಸದನ್ನು ಮೊದಲ ದಿನವೇ ಇಡೀ ಪಾಳಿಗೆ ಹಾಕಬಾರದು. ಗಂಟೆ ಎರಡು ಗಂಟೆ ಹಾಕಿ ತೆಗೆದು ಕಾಲು ನೋಡಿರಿ. ಕೆಂಪು ಕಲೆ ಎದ್ದು ಅರ್ಧ ಗಂಟೆಯಾದರೂ ಆರದಿದ್ದರೆ ಅಲ್ಲಿ ಒತ್ತುತ್ತಿದೆ ಎಂದು ತಿಳಿಯಿರಿ. ಒಳಹಾಸು ಚಪ್ಪಟೆಯಾಗಿ ಮರಳಿ ಉಬ್ಬದಿದ್ದರೆ ಅದರ ಕೆಲಸ ಮುಗಿಯಿತು. ಅಟ್ಟೆ ಸವೆಯುವವರೆಗೆ ಕಾಯದೆ ಬದಲಿಸಬೇಕು. ಸಾಧ್ಯವಾದರೆ ಎರಡು ಜೋಡು ಇಟ್ಟುಕೊಂಡು ಸರದಿಯಲ್ಲಿ ಹಾಕಿದರೆ ಒದ್ದೆಯಾದದ್ದು ಒಣಗಲು ಸಮಯ ಸಿಗುತ್ತದೆ.

ಎಲ್ಲ ಮಧುಮೇಹಿಗಳಿಗೂ ಒಂದೇ ಮೆಟ್ಟಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸ್ಪರ್ಶವೂ ರಕ್ತಸಂಚಾರವೂ ಸರಿಯಿದ್ದವರಿಗೆ ಅಳತೆಗೆ ಸರಿಯಾದ ಒಳ್ಳೆಯ ಮೆಟ್ಟು ಸಾಕು. ಸ್ಪರ್ಶ ಕಡಿಮೆಯಾದವರಿಗೆ ಮೇಲೆ ಹೇಳಿದ ಮೆತ್ತನೆಯ ಒಳಹಾಸು, ಹಿಂಪಟ್ಟಿಯ ಮೆಟ್ಟು. ಬೆರಳು ಬಾಗಿದವರಿಗೆ, ಮೂಳೆ ಉಬ್ಬಿದವರಿಗೆ, ಹಿಂದೆ ಒಮ್ಮೆ ಹುಣ್ಣಾಗಿ ಮಾಯ್ದವರಿಗೆ ಪಾದದ ಅಚ್ಚು ತೆಗೆದು ಮಾಡಿದ ಮೆಟ್ಟೇ ಆಗಬೇಕು. ಅಂಥ ಕೆಲಸ ಮಾಡುವ ವಿಭಾಗವು ಹಾಜಿ ಅಲಿಯಲ್ಲಿರುವ ಕೇಂದ್ರ ಸರಕಾರದ ಅಂಗವಿಕಲರ ಪುನರ್ವಸತಿ ಸಂಸ್ಥೆಯಲ್ಲಿದೆ. ಹುಣ್ಣು ತೆರೆದೇ ಇರುವವರಿಗೆ ಯಾವ ಚಪ್ಪಲಿಯೂ ಮದ್ದಲ್ಲ. ಅವರು ಆ ಕಾಲನ್ನು ನೆಲಕ್ಕೆ ಊರದೆ ಆಸ್ಪತ್ರೆ ಸೇರಬೇಕು. ಅಲ್ಲಿ ವೈದ್ಯರು ಮೊಣಕಾಲವರೆಗೆ ಪ್ಲಾಸ್ಟರ್ ಹಾಕಿ ಭಾರ ತಪ್ಪಿಸುವುದುಂಟು. ನೋವಿಲ್ಲದೆಯೇ ಒಂದು ಪಾದ ಕೆಂಪಾಗಿ, ಬಿಸಿಯಾಗಿ, ಬಾತಿದ್ದರೆ ಅದು ಮೂಳೆಗಳೇ ಕುಸಿಯುತ್ತಿರುವ ಲಕ್ಷಣವಾಗಿರಬಹುದು. ಉಳುಕು ಎಂದು ಎಣ್ಣೆ ತಿಕ್ಕಿ ನಡೆಯತಕ್ಕದ್ದಲ್ಲ.

ತನ್ನ ಕಾಲು ಯಾವ ಪಂಗಡದ್ದೆಂದು ತಿಳಿಯುವುದು ಹೇಗೆ? ವೈದ್ಯರ ಬಳಿ ಅದಕ್ಕೆ ಒಂದು ಸಣ್ಣ ನೈಲಾನ್ ಎಳೆಯಿರುತ್ತದೆ, 10 ಗ್ರಾಂ ಒತ್ತಡಕ್ಕೆ ಬಾಗುವಂಥದು. ಅದಿಲ್ಲದಿದ್ದರೂ ಮನೆಯಲ್ಲಿಯೇ ನೋಡಿಕೊಳ್ಳಬಹುದು. ಕಣ್ಣು ಮುಚ್ಚಿ ಮಲಗಿರಿ. ಮನೆಯವರೊಬ್ಬರು ತಮ್ಮ ಬೆರಳ ತುದಿಯಿಂದ ನಿಮ್ಮ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಕ್ಷಣ ಹಗುರಾಗಿ ಮುಟ್ಟಲಿ, ಒತ್ತದಿರಲಿ. ಈ ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಮುಟ್ಟಿದ್ದು ತಿಳಿಯದಿದ್ದರೆ ನಿಮ್ಮ ಕಾಲಿನ ಕಾವಲು ಹೋಗಿದೆಯೆಂದು ತಿಳಿದು ವೈದ್ಯರನ್ನು ಕಾಣಿರಿ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಒಳ್ಳೆಯ ಮೆಟ್ಟು ಕೊಂಡ ಮಾತ್ರಕ್ಕೆ ಹೊಣೆ ಮುಗಿಯದು. ಹಾಕುವ ಮೊದಲು ಪ್ರತಿಸಲವೂ ಒಳಗೆ ಕೈಯಾಡಿಸಿ ಕಲ್ಲು, ಕೀಟ, ಮಡಿಕೆ ಇಲ್ಲವೆಂದು ನೋಡಬೇಕು. ರಾತ್ರಿ ಮಲಗುವ ಮುನ್ನ ಅಂಗಾಲು, ಬೆರಳ ಸಂದು ನೋಡಬೇಕು. ಬಾಗಲಾರದವರು ಕನ್ನಡಿ ಇಟ್ಟುಕೊಳ್ಳಲಿ, ಇಲ್ಲವೇ ಖೋಲಿಯ ಜೊತೆಗಾರನನ್ನು ಕೇಳಲಿ. ತೊಳೆದ ಕಾಲನ್ನು ಸಂದುಗಳವರೆಗೆ ಒರಸಬೇಕು. ಒಣ ಹಿಮ್ಮಡಿಗೆ ತೆಂಗಿನೆಣ್ಣೆ ಸವರಬಹುದು, ಬೆರಳ ಸಂದಿಗೆ ಬೇಡ. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಅಂಗಡಿಯ ಆಣಿಪಟ್ಟಿ ಅಂಟಿಸುವುದು ಎರಡೂ ಅಪಾಯ. ಹೋಟೆಲಿನಲ್ಲಿಯೇ ಹಾಸಿ ಮಲಗುವ ಹುಡುಗರು ಹಿರಿಯರು ಇಲಿಯ ಮಾತನ್ನು ನಗೆಯಾಡಬಾರದು. ನಮ್ಮ ದೇಶದ ಮಧುಮೇಹಿಗಳಲ್ಲಿಯೂ ಇಲಿ ಕಚ್ಚಿ ಕಾಲು ಕೆಟ್ಟ ಪ್ರಕರಣಗಳನ್ನು ವೈದ್ಯರು ಕಂಡಿದ್ದಾರೆ. ಊರಿಗೆ ಹೋಗುವ ಬಸ್ಸಿನಲ್ಲಿ ಇಂಜಿನಿನ ಬಿಸಿ ತಗಡಿನ ಮೇಲೆ ಕಾಲಿಟ್ಟು ನಿದ್ರಿಸಬಾರದು. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ದೇವಸ್ಥಾನದ ಕಲ್ಲು ಹಾಸಿನ ಮೇಲೆ ಪ್ರದಕ್ಷಿಣೆ ಬಂದು ಅಂಗಾಲೆಲ್ಲ ಬೊಕ್ಕೆಯೆದ್ದದ್ದು ಮನೆಗೆ ಬಂದ ಮೇಲೆ ತಿಳಿದವರುಂಟು. ಬೆಳಗಿನ ತಂಪಿನಲ್ಲಿ ಹೋಗಿ ಬರಲಿ. ಬರಿಗಾಲಿನ ವ್ರತ ಹಿಡಿಯುವವರು ಮೊದಲು ವೈದ್ಯರನ್ನು ಕೇಳಲಿ. ಕಾಲು ಕಳೆದುಕೊಂಡು ಬಾ ಎಂದು ಯಾವ ದೇವರೂ ಕೇಳನು.

ಇನ್ನೊಂದು ಮಾತು ನಾಚಿಕೆಯದು. ಎಂ.ಸಿ.ಆರ್. ಚಪ್ಪಲಿ ಕುಷ್ಠರೋಗಿಗಳದೆಂದು ಹಿಂದೆ ಜನ ಅದನ್ನು ಹಾಕಲು ಹಿಂಜರಿದುದುಂಟು. ಇಂದು ಅದು ಸಾಮಾನ್ಯ ಸ್ಯಾಂಡಲಿನಂತೆಯೇ ಕಾಣುವ ಹಾಗೆ ತಯಾರಾಗುತ್ತಿದೆ. ಅದಿರಲಿ, ಒಂದು ರೋಗದವರಿಗೆ ಉಪಕಾರಿಯಾದ ವಸ್ತು ಇನ್ನೊಂದು ರೋಗದವರಿಗೆ ಅವಮಾನವಾಗುವುದು ಹೇಗೆ? ‘ಶುಗರ್ ಇದೆಯೆಂದು ತಿಳಿದರೆ ಕೆಲಸದಿಂದ ತೆಗೆದಾರು’ ಎಂಬ ಭಯದಿಂದ ಮೆಟ್ಟನ್ನೂ ರೋಗವನ್ನೂ ಮುಚ್ಚಿಡುವ ಬಂಧುಗಳು ನಮ್ಮಲ್ಲಿದ್ದಾರೆ. ಈ ಭಯವನ್ನು ಹೋಗಲಾಡಿಸುವ ಹೊಣೆ ಕಾರ್ಮಿಕನೊಬ್ಬನದಲ್ಲ.

ಆದುದರಿಂದ ಹೋಟೆಲ್ ಮಾಲಕರಿಗೆ ನಮ್ಮ ವಿನಂತಿ ಇದೆ. ಅವರಲ್ಲಿ ಅನೇಕರು ತಾವೇ ಒಂದು ಕಾಲಕ್ಕೆ ಲೋಟ ತೊಳೆದು ಮೇಲೆ ಬಂದವರು. ನಿಂತ ಕಾಲಿನ ಕಷ್ಟ ಅವರಿಗೆ ಹೇಳಿಕೊಡಬೇಕಿಲ್ಲ. ಮಧುಮೇಹವಿರುವ ಕೆಲಸಗಾರನಿಗೆ ಅಡಿಗೆಮನೆಯಲ್ಲಿ ಶುಚಿಯಾದ ಮೆಟ್ಟು ಹಾಕಲು ಅನುಮತಿ ಕೊಡಿರಿ. ಸಮವಸ್ತ್ರ ಕೊಡುವಾಗ ಅದರೊಡನೆ ಮೆಟ್ಟನ್ನೂ ಕೊಡಿರಿ. ನೀರು ನಿಲ್ಲದಂತೆ ಮೋರಿ ಸರಿಪಡಿಸಿರಿ. ಕೆಲಸದ ನಡುವೆ ಕೂರಲು ಒಂದು ಸ್ಟೂಲು ಇಡಿರಿ. ಅಂಗಡಿ ಮುಂಗಟ್ಟುಗಳ ಕೆಲಸಗಾರರಿಗೆ ಕೂರುವ ಹಕ್ಕನ್ನು ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಕಾನೂನಿನಿಂದಲೇ ಕೊಟ್ಟವು. ಕಾನೂನು ಹೇಳುವ ಮೊದಲೇ ಮಾಡಿದರೆ ಮಾಲಕರಿಗೆ ಶೋಭೆ. ನುರಿತ ಅಡಿಗೆಯವನೊಬ್ಬ ಹಾಸಿಗೆ ಹಿಡಿದರೆ ಹೋಟೆಲಿಗಾಗುವ ನಷ್ಟದ ಮುಂದೆ ಒಂದು ಜೋಡು ಮೆಟ್ಟಿನ ಬೆಲೆ ಎಷ್ಟರದು?

ಕಾರ್ಮಿಕರೂ ತಮಗಿರುವ ಸೌಲಭ್ಯವನ್ನು ಬಳಸಿಕೊಳ್ಳಬೇಕು. ಇ.ಎಸ್.ಐ. ಯೋಜನೆಗೆ 2019ರ ಜುಲೈಯಿಂದ ಕಾರ್ಮಿಕನ ಸಂಬಳದಿಂದ ಶೇಕಡಾ 0.75, ಮಾಲಕನಿಂದ ಶೇಕಡಾ 3.25 ಸಲ್ಲಬೇಕೆಂದು ಗೊತ್ತುಮಾಡಲಾಯಿತು. ಹಣ ಕೊಟ್ಟ ಮೇಲೆ ಚಿಕಿತ್ಸೆ ದಾನವಲ್ಲ, ಹಕ್ಕು. ಚೀಟಿ ಬರೆಸಿಕೊಂಡು ಮಾತ್ರೆ ತರುವುದಷ್ಟಕ್ಕೇ ನಿಲ್ಲದೆ “ಡಾಕ್ಟ್ರೇ, ನನ್ನ ಕಾಲನ್ನೂ ನೋಡಿ” ಎಂದು ಬಾಯಿಬಿಟ್ಟು ಕೇಳಬೇಕು. ಇ.ಎಸ್.ಐ. ಇಲ್ಲದವರಿಗೆ, ಗಿರಣಿಯಿಂದ ಹೊರಬಿದ್ದು ವಯಸ್ಸಾದವರಿಗೆ ಪರೇಲಿನ ಕೆ.ಇ.ಎಂ., ಸಾಯನ್, ನಾಯರ್ ಮುಂತಾದ ನಗರಪಾಲಿಕೆಯ ಆಸ್ಪತ್ರೆಗಳಿವೆ. ನಮ್ಮ ಕನ್ನಡ ಸಂಘಗಳೂ ವಾರ್ಷಿಕೋತ್ಸವದ ಹಾರತುರಾಯಿಗಳಲ್ಲಿ ಒಂದಿಷ್ಟು ಉಳಿಸಿ, ವರ್ಷಕ್ಕೊಮ್ಮೆ ಪಾದಪರೀಕ್ಷೆಯ ಶಿಬಿರ ನಡೆಸಿ, ಕೊಳ್ಳಲಾರದವರಿಗೆ ತಕ್ಕ ಮೆಟ್ಟು ಕೊಡಿಸಿದರೆ ಅದಕ್ಕಿಂತ ದೊಡ್ಡ ನಾಡಸೇವೆ ಇನ್ನಾವುದು? ಊರಿನಲ್ಲಿ ಮನಿಯಾರ್ಡರಿಗಾಗಿ ಕಾದು ಬೆಳೆದ ಮಕ್ಕಳು ಇಂದು ಬ್ಯಾಂಕಿನ ಮೂಲಕ ತಂದೆಗೆ ಹಣ ಕಳಿಸುವ ಕಾಲ ಬಂದಿದೆ. ಅವರು ಮುಂದಿನ ದೀಪಾವಳಿಗೆ ಅಪ್ಪನಿಗೆ ಅಂಗಿಯ ಬದಲು ಒಂದು ಜೋಡು ಒಳ್ಳೆಯ ಮೆಟ್ಟು ಕೊಡಿಸಲಿ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆಯನ್ನು ನಮ್ಮ ಹಿರಿಯರು ಬಿಟ್ಟುಹೋಗಿದ್ದಾರೆ. ಮಧುಮೇಹಿಯ ಕಾಲಿನ ಮಟ್ಟಿಗೆ ಈ ಗಾದೆ ಅಕ್ಷರಶಃ ನಿಜ. ಇಂದು ಕಾಗದದ ಮೇಲೆ ಒಂದು ಗೆರೆ ಎಳೆದು, ಬೆರಳಿನಿಂದ ಆರು ಕಡೆ ಮುಟ್ಟಿ ನೋಡಿ, ತಕ್ಕ ಮೆಟ್ಟು ಕೊಂಡರೆ ಮುಗಿಯುವ ಕೆಲಸವನ್ನು ಬಿಟ್ಟರೆ ನಾಳೆ ಶಸ್ತ್ರವೈದ್ಯರ ಕೈಗೆ ಕಾಲು ಒಪ್ಪಿಸಬೇಕಾದೀತು. ಈ ಸಂಚಿಕೆ ನಿಮ್ಮ ಕೈಸೇರಿದ ದಿನ ರಾತ್ರಿಯೇ, ಬಂಧುಗಳೇ, ದೀಪದ ಬೆಳಕಿಗೆ ಕಾಲು ಚಾಚಿ ಅಂಗಾಲನ್ನು ಒಮ್ಮೆ ನೋಡಿಕೊಳ್ಳಿರಿ. ಪಕ್ಕದಲ್ಲಿ ಮಲಗಿದವನ ಕಾಲನ್ನೂ ನೋಡಿಕೊಡಿರಿ.